ಪ್ರೇಮಕಥೆ ಸಸ್ಪೆನ್ಸ್‌ಗೆ ತಿರುಗಿದಾಗ ಪ್ರೇಕ್ಷಕರ ಮಾತನ್ನು ಹೇಗೆ ಓದಬೇಕು?

ಪ್ರಶ್ನೆ: ನಾವು ಕೆಲವು ಗೆಳೆಯರು ಸೇರಿ ಮೊದಲ ಸಿನಿಮಾ ಮಾಡಿದ್ದೇವೆ. ಕಥೆ 1972ರಲ್ಲಿ ತೀರ್ಥಹಳ್ಳಿ ಸೀಮೆಯಲ್ಲಿ ನಡೆಯುತ್ತದೆ. ದೊಡ್ಡ ಜಮೀನ್ದಾರರ ಮಗಳಿಗೂ ಭೂಮಿ ಅಳತೆಗೆ ಬಂದ ಸರ್ವೆಯರ್ ಹುಡುಗನಿಗೂ ಪ್ರೀತಿಯಾಗುತ್ತದೆ. ಆದರೆ ಗೇಣಿದಾರರು ತಾವಾಗಿಯೇ ಭೂಮಿ ಬಿಟ್ಟುಕೊಟ್ಟಂತೆ ಜಮೀನ್ದಾರರಿಗೆ ಸುಳ್ಳು ಪತ್ರಗಳನ್ನು ಬರೆದುಕೊಟ್ಟವನು ಅದೇ ಹುಡುಗ. ಒಬ್ಬ ಗೇಣಿದಾರ ಕಾಣೆಯಾಗುತ್ತಾನೆ, ಸಬ್ ಇನ್ಸ್‌ಪೆಕ್ಟರ್ ತನಿಖೆಗೆ ಬರುತ್ತಾರೆ. ರಫ್ ಕಟ್ (ಮೊದಲ ಸುತ್ತಿನ ಎಡಿಟ್) 128 ನಿಮಿಷ ಇದೆ. ಇಂಟರ್ವಲ್ 66ನೇ ನಿಮಿಷಕ್ಕೆ ಬರುತ್ತದೆ, ಗುಟ್ಟು 71ನೇ ನಿಮಿಷಕ್ಕೆ ಬಯಲಾಗುತ್ತದೆ. ಎರಡು ಟ್ರಯಲ್ ಶೋ ಮಾಡಿ 46 ಜನರಿಂದ ಅಭಿಪ್ರಾಯ ಬರೆಸಿಕೊಂಡೆವು. 19 ಮಂದಿ ‘ಫಸ್ಟ್ ಹಾಫ್ ಲ್ಯಾಗ್’ ಎಂದಿದ್ದಾರೆ. 17 ಮಂದಿ ‘ಸೆಕೆಂಡ್ ಹಾಫ್ ಬೇರೆಯೇ ಸಿನಿಮಾ’ ಎಂದಿದ್ದಾರೆ. 8 ಮಂದಿ ‘ಅವನೇ ಅಂತ ಮೊದಲೇ ಗೊತ್ತಾಯ್ತು’ ಎಂದು ಬರೆದರೆ, ಹಿರಿಯರೊಬ್ಬರು ‘ಆ ವರ್ಷದಲ್ಲಿ ಇದೆಲ್ಲ ಇರಲಿಲ್ಲ’ ಎಂದು ಬರೆದಿದ್ದಾರೆ. ಮೊದಲರ್ಧದಿಂದ 20 ನಿಮಿಷ ತೆಗೆದು, ಹೆಣ ಸಿಗುವ ದೃಶ್ಯದಿಂದಲೇ ಸಿನಿಮಾ ಶುರು ಮಾಡಿ ಎಂದು ನಿರ್ಮಾಪಕರು ಹೇಳುತ್ತಿದ್ದಾರೆ. ಸೆನ್ಸಾರ್‌ಗೆ ಇನ್ನೂ ಕಳಿಸಿಲ್ಲ. ದೃಶ್ಯಪಟ್ಟಿ ಜೊತೆಗಿದೆ. ಯಾರ ಮಾತು ಕೇಳಬೇಕು?

ಉತ್ತರ: ಪ್ರೇಮಕಥೆ ನೋಡಲು ಬಂದವರಿಗೆ ಸಸ್ಪೆನ್ಸ್ ರುಚಿಸಲಿಲ್ಲವೋ, ಸಸ್ಪೆನ್ಸ್ ಬಯಸಿದವರಿಗೆ ಪ್ರೇಮ ಜಾಸ್ತಿಯಾಯಿತೋ ಎಂಬುದು ನಿಮ್ಮ ಆತಂಕ. ದೃಶ್ಯಪಟ್ಟಿ ಓದಿದ ಮೇಲೆ ನನಗೆ ಕಾಣುವುದು ಇವೆರಡೂ ಅಲ್ಲ. ಮೊದಲ 66 ನಿಮಿಷ ನಾವು ಎಲ್ಲವನ್ನೂ ನಾಯಕಿಯ ಕಣ್ಣಿನಿಂದ ನೋಡುತ್ತೇವೆ. ಅವಳು ಇಲ್ಲದ ದೃಶ್ಯಗಳು ಮೂರೇ ಮೂರು. 71ನೇ ನಿಮಿಷದಿಂದ ಕಥೆ ಸಬ್ ಇನ್ಸ್‌ಪೆಕ್ಟರ್ ಕೈಗೆ ಹೋಗುತ್ತದೆ. ಅಲ್ಲಿಂದ ಮುಂದಿನ 57 ನಿಮಿಷಗಳಲ್ಲಿ ನಾಯಕಿ ತೆರೆಯ ಮೇಲಿರುವುದು 11 ನಿಮಿಷ ಮಾತ್ರ, ಅದರಲ್ಲೂ ಹೆಚ್ಚಿನ ಹೊತ್ತು ಅಳುತ್ತಾಳೆ. ‘ಬೇರೆಯೇ ಸಿನಿಮಾ’ ಎಂದ 17 ಮಂದಿ ಸರಿಯಾಗಿಯೇ ಹೇಳಿದ್ದಾರೆ. ಅವರು ಕಳೆದುಕೊಂಡದ್ದು ಆ ಹುಡುಗಿಯನ್ನು. ಪ್ರೇಮಕಥೆ ಸಸ್ಪೆನ್ಸ್ ಆಯಿತು ಎಂಬುದು ಅವರ ತಕರಾರೇ ಅಲ್ಲ.

ಪ್ರೇಕ್ಷಕರ ಅಭಿಪ್ರಾಯ ಓದುವಾಗ ಒಂದು ವಿಷಯ ನೆನಪಿನಲ್ಲಿಡಿ. ಎಲ್ಲಿ ನೋಯಿತು ಎಂದು ಅವರು ತೋರಿಸುವ ಜಾಗ ಹೆಚ್ಚುಕಡಿಮೆ ಸರಿಯಾಗಿರುತ್ತದೆ. ಏಕೆ ನೋಯಿತು ಎಂದು ಅವರು ಕೊಡುವ ಕಾರಣ ಹಲವು ಸಲ ಬೇರೆ ಎಲ್ಲೋ ಇರುತ್ತದೆ. ಹೊಟ್ಟೆನೋವು ಎಂದು ಬಂದವರಿಗೆ ತೊಂದರೆ ಬೆನ್ನಿನಲ್ಲಿರಬಹುದಲ್ಲ, ಹಾಗೆ. ಅದಕ್ಕೇ ‘ಲ್ಯಾಗ್’ ಎಂದ ಕೂಡಲೇ ಕತ್ತರಿ ಹಿಡಿಯಬೇಡಿ.

ಲ್ಯಾಗ್ ಎಂದರೆ ಉದ್ದ ಎಂದಲ್ಲ. ನೋಡುವವರ ಮನಸ್ಸಿನಲ್ಲಿ ‘ಮುಂದೇನು’ ಎಂಬ ಪ್ರಶ್ನೆ ಇಲ್ಲದೇ ಹೋದಾಗ 3 ನಿಮಿಷವೂ ಉದ್ದವೆನಿಸುತ್ತದೆ. ಪ್ರಶ್ನೆ ಇದ್ದರೆ ಒಬ್ಬಳು ಹುಡುಗಿ ಸುಮ್ಮನೆ ಜಡೆ ಹೆಣೆದುಕೊಳ್ಳುವುದನ್ನೂ ಉಸಿರು ಬಿಗಿಹಿಡಿದು ನೋಡುತ್ತಾರೆ. ಇದನ್ನು ಪರೀಕ್ಷಿಸುವ ದಾರಿ ಸುಲಭ. ಮೊದಲರ್ಧದ ಪ್ರತಿ ದೃಶ್ಯದ ಎದುರು, ಅದು ಮುಗಿದಾಗ ನೋಡುವವರು ಏನು ತಿಳಿಯಲು ಕಾಯುತ್ತಿರುತ್ತಾರೆ ಎಂದು ಒಂದೇ ಸಾಲು ಬರೆಯಿರಿ. ಬರೆಯಲು ಏನೂ ಹೊಳೆಯದಿದ್ದರೆ ಖಾಲಿ ಬಿಡಿ. ಒಂದು ಖಾಲಿ ಬಂದರೆ ತೊಂದರೆಯಿಲ್ಲ, ಅದು ಉಸಿರಾಡಲು ಸಿಗುವ ಜಾಗ. ಮೂರು ಖಾಲಿ ಒಟ್ಟಿಗೆ ಬಂದರೆ ಜನ ಮೊಬೈಲ್ ತೆಗೆಯುತ್ತಾರೆ. ನಿಮ್ಮ ಪಟ್ಟಿಯಲ್ಲಿ 9ರಿಂದ 14ನೇ ದೃಶ್ಯದವರೆಗೆ, ಅಂದರೆ ಹೊಳೆ, ಜಾತ್ರೆ, ಹಾಡು, ಅಡಿಕೆ ತೋಟ, ಪತ್ರ, ಮತ್ತೆ ಹಾಡು, ಒಟ್ಟು 17 ನಿಮಿಷ ಪೂರಾ ಖಾಲಿ. ಅವರಿಬ್ಬರಿಗೆ ಪ್ರೀತಿಯಾಗಿದೆ ಎಂದು 9ನೇ ದೃಶ್ಯಕ್ಕೇ ಗೊತ್ತಾಗುತ್ತದೆ. ಮುಂದಿನ ಐದು ದೃಶ್ಯಗಳೂ ಅದನ್ನೇ ಮತ್ತೆ ಹೇಳುತ್ತವೆ. ಇಲ್ಲಿಂದ 7–8 ನಿಮಿಷ ತೆಗೆಯಬಹುದು. ಜಾತ್ರೆಯೋ ತೋಟವೋ ಒಂದೇ ಸಾಕು. ಎರಡನೇ ಹಾಡಿನಲ್ಲಿ ಒಂದು ಚರಣ ಸಾಕು.

20 ನಿಮಿಷ ತೆಗೆದರೆ ಏನಾಗುತ್ತದೆ ಎಂದು ನಿರ್ಮಾಪಕರಿಗೆ ತಿಳಿಸಿ ಹೇಳಿ. ಇಂಥ ಕಥೆಯಲ್ಲಿ ಎರಡನೇ ಅರ್ಧದ ಭಯವನ್ನೆಲ್ಲ ಮೊದಲರ್ಧದ ಪ್ರೀತಿಯೇ ಹೊರುತ್ತದೆ. ಅವನು ಮೋಸಗಾರ ಎಂದು ತಿಳಿದಾಗ ನೋಡುವವರ ಎದೆ ಧಸಕ್ಕೆನ್ನಬೇಕಾದರೆ ಅವನ ಮೇಲೆ ಅವರಿಗೂ ಒಂಚೂರು ಪ್ರೀತಿ ಹುಟ್ಟಿರಬೇಕು. ಪ್ರೀತಿಗೆ 40 ನಿಮಿಷವಷ್ಟೇ ಕೊಟ್ಟರೆ ಗುಟ್ಟು ಬಯಲಾದಾಗ ‘ಓ, ಹೌದಾ’ ಎಂದು ಸುಮ್ಮನಾಗುತ್ತಾರೆ. ಆಗ ‘ಲ್ಯಾಗ್’ ಎನ್ನುವವರು ಕಡಿಮೆಯಾಗುತ್ತಾರೆ, ‘ಏನೂ ಅನ್ನಿಸಲಿಲ್ಲ’ ಎನ್ನುವವರು ಹೆಚ್ಚುತ್ತಾರೆ. ಎರಡನೆಯದಕ್ಕೆ ಎಡಿಟಿಂಗ್ ಟೇಬಲ್ಲಿನಲ್ಲಿ ಮದ್ದಿಲ್ಲ.

‘ಮೊದಲೇ ಗೊತ್ತಾಯ್ತು’ ಎಂದ 8 ಮಂದಿಯ ಮಾತಿಗೆ ನೀವು ಎಲ್ಲಕ್ಕಿಂತ ಹೆಚ್ಚು ಹೆದರಿದ್ದೀರಿ ಎಂದು ಪತ್ರದಲ್ಲಿ ಕಾಣುತ್ತದೆ. ಆ ಹೆದರಿಕೆ ಬೇಡ. ಸಸ್ಪೆನ್ಸ್ ಚಿತ್ರಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಅವರು ಫ್ರೆಂಚ್ ನಿರ್ದೇಶಕ ತ್ರೂಫೋ ಅವರೊಂದಿಗೆ ಮಾತನಾಡುತ್ತ ಕೊಟ್ಟ ಉದಾಹರಣೆ ಹೆಸರಾಗಿದೆ. ಮೇಜಿನ ಕೆಳಗೆ ಬಾಂಬ್ ಇರುವುದು ಯಾರಿಗೂ ಗೊತ್ತಿಲ್ಲದೆ ಸಿಡಿದರೆ ಪ್ರೇಕ್ಷಕರಿಗೆ ಸಿಗುವುದು 15 ಸೆಕೆಂಡಿನ ಆಘಾತ. ಬಾಂಬ್ ಇರುವುದು ಪ್ರೇಕ್ಷಕರಿಗೆ ಗೊತ್ತಿದ್ದು ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ 15 ನಿಮಿಷದ ಸಸ್ಪೆನ್ಸ್. 1958ರ ‘ವರ್ಟಿಗೊ’ದಲ್ಲಿ ಅವರು ಮಾಡಿದ್ದೂ ಇದನ್ನೇ. ಆಧಾರ ಕಾದಂಬರಿ ಕೊನೆಯವರೆಗೆ ಕಾಪಾಡಿಕೊಂಡ ಗುಟ್ಟನ್ನು ಅವರು ಸಿನಿಮಾದ ಮೂರನೇ ಎರಡು ಭಾಗ ಕಳೆಯುತ್ತಿದ್ದಂತೆ ನಾಯಕಿ ಬರೆಯುವ ಒಂದು ಪತ್ರದ ಮೂಲಕ ನಮಗೆ ಹೇಳಿಬಿಟ್ಟರು. ಆಮೇಲೆ ನಾವು ಕಾಯುವುದು ಅದು ನಾಯಕನಿಗೆ ಯಾವಾಗ ತಿಳಿಯುತ್ತದೆ, ತಿಳಿದರೆ ಅವನು ಏನು ಮಾಡುತ್ತಾನೆ ಎಂಬುದಕ್ಕೆ. ಆದ್ದರಿಂದ ಆ 8 ಮಂದಿಗೆ ಫೋನ್ ಮಾಡಿ ಎರಡೇ ಮಾತು ಕೇಳಿ: ಯಾವ ದೃಶ್ಯದಲ್ಲಿ ಗೊತ್ತಾಯಿತು? ಗೊತ್ತಾದ ಮೇಲೆ ಆ ಹುಡುಗಿಯ ಬಗ್ಗೆ ಏನನ್ನಿಸಿತು? ‘ಅಯ್ಯೋ, ಅವಳಿಗೆ ಹೇಳಬೇಕು ಅನ್ನಿಸ್ತು’ ಎಂದರೆ ಅವರೇ ನಿಮ್ಮ ಒಳ್ಳೆಯ ಪ್ರೇಕ್ಷಕರು. ‘ಮುಗಿದರೆ ಸಾಕು ಅನ್ನಿಸ್ತು’ ಎಂದರೆ ತೊಂದರೆ ಇದೆ. ಅದು ಗುಟ್ಟು ಬಯಲಾದ್ದರಿಂದ ಬಂದ ತೊಂದರೆಯಲ್ಲ. ಗುಟ್ಟಿನಾಚೆ ಕಾಯಲು ಏನೂ ಉಳಿದಿಲ್ಲ ಎಂಬುದು ಅದರ ಅರ್ಥ.

ನಿಮ್ಮ ಕಥೆಗೆ ತೀರ ಹತ್ತಿರದ್ದು 2013ರ ಹಿಂದಿ ಚಿತ್ರ ‘ಲೂಟೇರಾ’. ವಿಕ್ರಮಾದಿತ್ಯ ಮೋಟ್ವಾನಿ ನಿರ್ದೇಶಿಸಿದ್ದು. 1953ರ ಬಂಗಾಳ, ಜಮೀನ್ದಾರಿ ರದ್ದಾಗುತ್ತಿರುವ ಹೊತ್ತು. ಪುರಾತತ್ವ ಇಲಾಖೆಯವನೆಂದು ಹೇಳಿಕೊಂಡು ಬಂದ ಯುವಕ, ಜಮೀನ್ದಾರರ ಮಗಳು, ಆಮೇಲೆ ಕಳವು, ಡಾಲ್‌ಹೌಸಿಯ ಹಿಮ, ಪೊಲೀಸರು. ಆ ಚಿತ್ರ ಬಂದಾಗಲೂ ನೋಡಿದವರ ಮಾತು ಎರಡಾಯಿತು. ಚಿತ್ರೀಕರಣ, ಸಂಗೀತ, ನಾಯಕಿಯ ಅಭಿನಯವನ್ನು ಹೊಗಳಿದವರಲ್ಲೇ ಬಹಳ ಮಂದಿ ನಿಧಾನ ಎಂದರು. ಅದರ ಕಟ್ಟೋಣದಲ್ಲಿ ನೀವು ಗಮನಿಸಬೇಕಾದ ಸಂಗತಿ ಎರಡು. ಒಂದು, ಹೆಸರೇ ಗುಟ್ಟನ್ನು ಬಿಟ್ಟುಕೊಡುತ್ತದೆ. ಲೂಟೇರಾ ಎಂದರೆ ಲೂಟಿ ಮಾಡುವವನು. ಟಿಕೆಟ್ ಕೊಳ್ಳುವಾಗಲೇ ನಮ್ಮ ಮೇಜಿನ ಕೆಳಗೆ ಬಾಂಬ್ ಇಟ್ಟಿದ್ದಾರೆ. ಹಾಗಾಗಿ ಅವರಿಬ್ಬರು ಕೂತು ಚಿತ್ರ ಬರೆಯುವ ಮೆಲುದನಿಯ ದೃಶ್ಯದಲ್ಲೂ ಒಂದು ಕಸಿವಿಸಿ ಇರುತ್ತದೆ. ಎರಡು, ಕಳವಾದ ಮೇಲೆ ಕಥೆ ಪೊಲೀಸರ ಜೊತೆ ಹೊರಟುಹೋಗುವುದಿಲ್ಲ. ಪೊಲೀಸರು ಬರುತ್ತಾರೆ, ಗುಂಡು ಹಾರುತ್ತದೆ, ಆದರೆ ನಾವು ಮತ್ತೆ ಅದೇ ಹುಡುಗಿಯ ಮನೆಗೇ ಮರಳುತ್ತೇವೆ. ಮೋಸ ಮಾಡಿದವನು ಅವಳ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಅವನನ್ನು ಹಿಡಿದುಕೊಡಬೇಕೋ ಬೇಡವೋ ಎಂಬುದು ಅವಳ ಕೈಯಲ್ಲಿದೆ. ಸಸ್ಪೆನ್ಸ್ ಪ್ರೇಮದ ಒಳಗೇ ಉಳಿಯುತ್ತದೆ. ನಿಧಾನ ಎಂದವರೂ ಅದನ್ನು ಎರಡು ಸಿನಿಮಾ ಎಂದು ತಳ್ಳಿಹಾಕಲು ಆಗದಿರುವುದಕ್ಕೆ ಕಾರಣ ಇದೇ ಎಂದು ನನ್ನ ಎಣಿಕೆ.

ಇನ್ನು ಹೆಣದ ದೃಶ್ಯದಿಂದ ಶುರು ಮಾಡುವ ಸಲಹೆ. ಮೊದಲ ನಿಮಿಷದಲ್ಲೇ ಹೆಣ ತೋರಿಸಿದರೆ ನಾಯಕನ ಪ್ರತಿ ನಗುವನ್ನೂ ಜನ ಅನುಮಾನದಿಂದ ನೋಡುತ್ತಾರೆ, ಪ್ರೀತಿಯನ್ನು ನಂಬುವುದೇ ಇಲ್ಲ. ಪ್ರೇಮದ 60 ನಿಮಿಷ ಬಸ್‌ಸ್ಟ್ಯಾಂಡಿನಲ್ಲಿ ಕಾದಂತಾಗುತ್ತದೆ. ಆದರೂ ನಿರ್ಮಾಪಕರ ಆಸೆಯ ಹಿಂದೆ ನ್ಯಾಯವಾದ ಒಂದು ಕಾರಣವಿದೆ. ಇದು ಬರೀ ಪ್ರೇಮಕಥೆಯಲ್ಲ ಎಂದು ಆರಂಭದಲ್ಲೇ ಪ್ರೇಕ್ಷಕರಿಗೆ ಸುಳಿವು ಸಿಗಬೇಕು. ಬಿಮಲ್ ರಾಯ್ ಅವರ 1958ರ ‘ಮಧುಮತಿ’ ಶುರುವಾಗುವುದೇ ಮಳೆಯ ರಾತ್ರಿ, ಗುಡ್ಡ ಕುಸಿದು ದಾರಿ ಕಟ್ಟಿ, ಹಳೆಯ ಬಂಗಲೆಯಲ್ಲಿ ಆಸರೆ ಪಡೆಯುವ ಪ್ರಯಾಣಿಕನಿಂದ. ಅವನಿಗೆ ಅಲ್ಲಿನ ಭಾವಚಿತ್ರವೊಂದು ಪರಿಚಿತವೆನಿಸುತ್ತದೆ, ಅಷ್ಟೇ. ಆ ಮೇಲೆ ಬೆಟ್ಟದ ಪ್ರೇಮ ಎಷ್ಟು ಹಾಡಿದರೂ ಆ ಬಂಗಲೆಯ ನೆರಳು ಮೇಲಿರುತ್ತದೆ. ನಿಮಗೂ 40ರಿಂದ 60 ಸೆಕೆಂಡಿನ ಅಂಥ ಒಂದು ಆರಂಭ ಸಾಕು. ಹೆಣ ಬೇಡ, ಮುಖ ಬೇಡ. ಲಾಟೀನಿನ ಬೆಳಕಿನಲ್ಲಿ ಒಂದು ಕೈ ಕಾಗದ ಬರೆಯುತ್ತಿದೆ, ಇನ್ನೊಬ್ಬರ ಒದ್ದೆ ಹೆಬ್ಬೆರಳನ್ನು ಆ ಕಾಗದಕ್ಕೆ ಒತ್ತಲಾಗುತ್ತಿದೆ. ಯಾರ ಕೈ, ಯಾವ ಕಾಗದ ಎಂದು ಹೇಳಬೇಡಿ.

ಈಗ ಆ ಹಿರಿಯರು ಬರೆದ ಒಂದು ಸಾಲಿಗೆ ಬರುತ್ತೇನೆ. ನಿಮ್ಮ 46 ಹಾಳೆಗಳಲ್ಲಿ ಬೆಲೆಬಾಳುವುದು ಅದೇ. ನೀವು ಅದನ್ನು ‘ಸಣ್ಣ ತಪ್ಪು’ ಎಂದು ಬದಿಗಿಟ್ಟಿದ್ದೀರಿ.

ನಿಮ್ಮ ಕಥೆ 1972ರಲ್ಲಿ ನಡೆಯುತ್ತದೆ. ಆದರೆ ಗೇಣಿದಾರರು ನಮೂನೆ 7, ಅಂದರೆ ಭೂಮಿಯ ಹಕ್ಕು ಕೇಳುವ ಅರ್ಜಿ ಕೊಟ್ಟು, ಅದನ್ನು ವಿಚಾರಣೆ ಮಾಡುವ ಭೂ ನ್ಯಾಯಮಂಡಳಿ ಮುಂದೆ ನಿಲ್ಲುತ್ತಾರೆ. ಅದು 1961ರ ಭೂ ಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲಿನ ಸಂಗತಿ. ಆ ದಿನಕ್ಕೆ ನಿಕಟಪೂರ್ವದಲ್ಲಿ ಗೇಣಿದಾರರ ಸ್ವಾಧೀನದಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿ, ಅರ್ಜಿ ಕೊಟ್ಟ ಗೇಣಿದಾರನಿಗೆ ಅದರ ಮೇಲೆ ಹಕ್ಕು ಬರುತ್ತಿತ್ತು. 1972ರಲ್ಲಿ ನಿಮ್ಮ ಜಮೀನ್ದಾರರಿಗೆ ಇಂಥ ಸುಳ್ಳು ಪತ್ರ ಬರೆಸುವ ತುರ್ತೇ ಇಲ್ಲ. 1974ರಲ್ಲಿ ಇದೆ. ಆ ತಾರೀಖಿಗೆ ಮುಂಚೆಯೇ ಗೇಣಿ ಮುಗಿದಿತ್ತು ಎಂದು ತೋರಿಸಬೇಕಾದರೆ ಪತ್ರಕ್ಕೆ ಹಳೆಯ ತಾರೀಖು ಹಾಕಿಸಲೇಬೇಕು. ಅಲ್ಲಿಗೆ ಅಪರಾಧಕ್ಕೆ ಕಾರಣ ತಾನಾಗಿಯೇ ಸಿಕ್ಕಿತು. ಆದ್ದರಿಂದ ಕಥೆಯನ್ನು 1974ರ ಮಳೆಗಾಲಕ್ಕೆ ಸರಿಸಿ. ಶೀರ್ಷಿಕೆ ಫಲಕ, ಎರಡು ಮಾತಿನ ಡಬ್ಬಿಂಗ್, ಗೋಡೆಯ ಕ್ಯಾಲೆಂಡರ್, ಇಷ್ಟು ಬದಲಾದರೆ ಸಾಕು. 1975ರ ಜೂನ್ ದಾಟಬೇಡಿ, ತುರ್ತು ಪರಿಸ್ಥಿತಿ ಬಂದರೆ ಕಥೆಗೆ ಬೇರೆಯೇ ಭಾರ ಬರುತ್ತದೆ. ಒಂದು ದೃಶ್ಯದಲ್ಲಿ ‘ಶಾನುಭೋಗರು’ ಎಂದು ಅಧಿಕಾರಿಯನ್ನು ಕರೆದಿದ್ದೀರಿ. ವಂಶಪಾರಂಪರ್ಯದ ಶಾನುಭೋಗಿಕೆ ಅಷ್ಟರಲ್ಲಿ ರದ್ದಾಗಿತ್ತು, ಗ್ರಾಮ ಲೆಕ್ಕಿಗರು ಬಂದಿದ್ದರು. ಊರಿನ ಮುದುಕರ ಬಾಯಲ್ಲಿ ಹಳೆಯ ಹೆಸರು ಇರಲಿ, ಸರ್ಕಾರಿ ಕಾಗದದಲ್ಲಿ ಬೇಡ.

ಸಸ್ಪೆನ್ಸ್ ಇಲ್ಲದ ಕಥೆಯಲ್ಲಿ ಇಂಥ ತಪ್ಪನ್ನು ಜನ ಕ್ಷಮಿಸುತ್ತಾರೆ. ಸಸ್ಪೆನ್ಸ್‌ನಲ್ಲಿ ಹಾಗಲ್ಲ. ನೋಡುವವರು ಪ್ರತಿ ವಸ್ತುವನ್ನೂ ಸುಳಿವೆಂದು ನೋಡುತ್ತಿರುತ್ತಾರೆ. ಒಂದು ತಾರೀಖು ಸುಳ್ಳೆಂದು ಗೊತ್ತಾದರೆ ಉಳಿದ ಸುಳಿವುಗಳನ್ನೂ ನಂಬುವುದಿಲ್ಲ.

ಕಾಲ ಸರಿಯಾದರೆ ಅದರಿಂದಲೇ ಸುಳಿವೂ ಸಿಗುತ್ತದೆ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಸರ್ಕಾರಿ ವ್ಯವಹಾರದಲ್ಲಿ ಮೈಸೂರು ರಾಜ್ಯ. 1974ರಲ್ಲಿ ಕೂತು 1971ರ ತಾರೀಖು ಹಾಕಿ ಪತ್ರ ಬರೆಯುವ ನಿಮ್ಮ ಸರ್ವೆಯರ್, ಕೈ ರೂಢಿಯಿಂದ ‘ಕರ್ನಾಟಕ ರಾಜ್ಯ, ಶಿವಮೊಗ್ಗ ಜಿಲ್ಲೆ’ ಎಂದು ಬರೆದುಬಿಟ್ಟರೆ? ಅದೇ ಪದದಲ್ಲಿ ಇನ್ನೊಂದು ಸುಳಿವೂ ಅಡಗಬಹುದು. ಕೆಲವರು ಅರ್ಕಾವೊತ್ತು ಹಾಕುವುದಿಲ್ಲ. ರಕಾರವನ್ನೇ ಬರೆದು ಅದರ ಕೆಳಗೆ ನಕಾರದ ಒತ್ತು ಕೊಡುತ್ತಾರೆ. ನಾಯಕನಿಗೆ ಆ ಅಭ್ಯಾಸವಿರಲಿ. ಮೊದಲರ್ಧದ ಪ್ರೇಮಪತ್ರದಲ್ಲಿ ಅವಳು ಅದನ್ನೇ ಹಿಡಿದು ಅವನನ್ನು ಛೇಡಿಸಲಿ: ‘ನಿಮಗೆ ಮೇಷ್ಟ್ರು ಅರ್ಕಾವೊತ್ತು ಕಲಿಸಲೇ ಇಲ್ಲವಾ?’ ಆಗ ಅದು ಬರೀ ಪ್ರೀತಿಯ ತಮಾಷೆ. ಆಮೇಲೆ ಅಪ್ಪನ ಪೆಟ್ಟಿಗೆಯ ಪತ್ರದಲ್ಲಿ ‘ಕರ್ನಾಟಕ’ ಎಂಬ ಆ ಒಂದು ಪದ ಅವಳ ಕಣ್ಣಿಗೆ ಬಿದ್ದರೆ, ಬರೆದವನು ಯಾರು ಮತ್ತು ಬರೆದದ್ದು ಯಾವಾಗ ಎಂಬ ಎರಡೂ ಅವಳಿಗೆ ಒಟ್ಟಿಗೇ ತಿಳಿಯುತ್ತವೆ. ಕರ್ನಾಟಕ ಎಂಬ ಪದ 1973ಕ್ಕಿಂತ ಬಹಳ ಹಿಂದಿನಿಂದ ಜನರ ಬಾಯಲ್ಲೂ ಪುಸ್ತಕದಲ್ಲೂ ಇತ್ತು, ಹಾಗಾಗಿ ನ್ಯಾಯಮಂಡಳಿಯಲ್ಲಿ ಅದೊಂದನ್ನೇ ಪುರಾವೆಯೆಂದು ತೋರಿಸಬೇಡಿ. ಅವಳ ಅನುಮಾನಕ್ಕೆ ಅಷ್ಟು ಸಾಕು. ಸುಳಿವಿನ ವಿಷಯದಲ್ಲಿ ನಾನು ಬಿಡದೆ ಪಾಲಿಸುವ ಕ್ರಮ ಇದು: ಮೊದಲ ಸಲ ಕಾಣಿಸಿಕೊಂಡಾಗ ಅದು ಬೇರೆ ಯಾವುದೋ ಕೆಲಸ ಮಾಡುತ್ತಿರಬೇಕು. ನಗಿಸಬೇಕು, ಇಲ್ಲವೇ ಪ್ರೀತಿ ಹೇಳಬೇಕು. ಸುಳಿವು ಎಂದು ಹಣೆಪಟ್ಟಿ ಕಟ್ಟಿಕೊಂಡು ಬಂದರೆ ನಿಮ್ಮ 8 ಮಂದಿ 80 ಆಗುತ್ತಾರೆ.

ಹೀಗೆ ಮಾಡಿದರೆ ಗುಟ್ಟು ಇನ್ಸ್‌ಪೆಕ್ಟರರಿಗಿಂತ ಮೊದಲು ಅವಳಿಗೆ ಸಿಗುತ್ತದೆ. ಇಡೀ ರಿಪೇರಿಯ ತಿರುಳು ಇದು. ಈಗಿನ ಕಟ್‌ನಲ್ಲಿ ಜನ ಪ್ರೇಮಕಥೆಯ ಮಧ್ಯೆ ಎದ್ದು ಕಾಫಿಗೆ ಹೋಗುತ್ತಾರೆ, ಬಂದು ಕೂತ 5 ನಿಮಿಷಕ್ಕೆ ಎಲ್ಲ ಬದಲಾಗಿರುತ್ತದೆ. ಇಂಟರ್ವಲ್ ಬಂದಿರುವ ಜಾಗವೇ ಸಿನಿಮಾವನ್ನು ಎರಡು ತುಂಡು ಮಾಡಿದೆ. ಬದಲಿಗೆ ಹೀಗೆ ಹೆಣೆಯಿರಿ. 18ನೇ ನಿಮಿಷದ ಆಸುಪಾಸಿನಲ್ಲಿ ಮೊದಲ ಕಸಿವಿಸಿ: ಗೇಣಿದಾರನ ಹೆಂಡತಿ ನಾಯಕನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ನಾಯಕಿ ನೋಡಿ ಸುಮ್ಮನಾಗುತ್ತಾಳೆ. 35–38ರ ಹೊತ್ತಿಗೆ ಅರ್ಕಾವೊತ್ತಿನ ತಮಾಷೆ. 58ಕ್ಕೆ ಅಪ್ಪನ ಪೆಟ್ಟಿಗೆಯ ಪತ್ರ. ಅವಳು ಅದನ್ನು ಯಾರಿಗೂ ಹೇಳದೆ ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತಾಳೆ. ಅಲ್ಲಿ ಇಂಟರ್ವಲ್. ಆಮೇಲೆ ಇನ್ಸ್‌ಪೆಕ್ಟರ್ ಬರಲಿ, ಮನೆಯ ಜಗುಲಿಯಲ್ಲಿ ಕೂತು ಅವಳ ಕೈಯಿಂದಲೇ ಕಾಫಿ ಕುಡಿಯಲಿ. ಅವಳಲ್ಲಿ ಪತ್ರವಿದೆ ಎಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಬಾಂಬ್ ಈಗ ಮೇಜಿನ ಕೆಳಗೆ ಸರಿಯಾಗಿ ಕೂತಿತು.

ಆ ಕಾಲದ ಇನ್ನೊಂದು ಸತ್ಯವೂ ನಿಮಗೆ ಒದಗಿ ಬರುತ್ತದೆ. ಭೂ ನ್ಯಾಯಮಂಡಳಿ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಆಗ ಕಾಯ್ದೆಯಲ್ಲೇ ಇತ್ತು. ಅಂದರೆ ಕಾಣೆಯಾದ ಗೇಣಿದಾರನ ಹೆಂಡತಿ ತಾನೇ ನಿಂತು ಮಾತಾಡಬೇಕು. ಅವಳಿಗೆ ಓದು ಬರದು, ಕೈಯಲ್ಲಿ ಕಾಗದವಿಲ್ಲ. ಕಾಗದವಿರುವುದು ನಿಮ್ಮ ನಾಯಕಿಯ ಹತ್ತಿರ. ವಿಚಾರಣೆಯ ದಿನ ಹತ್ತಿರವಾಗುತ್ತಿದ್ದಂತೆ ಪ್ರಶ್ನೆ ‘ಕೊಂದವರು ಯಾರು’ ಎಂಬುದಷ್ಟೇ ಆಗಿ ಉಳಿಯುವುದಿಲ್ಲ, ‘ಅವಳು ಬಾಯಿ ಬಿಡುತ್ತಾಳಾ’ ಎಂದಾಗುತ್ತದೆ. ಅವಳಿಗೆ ಅವನ ಮೇಲೆ ಇನ್ನೂ ಪ್ರೀತಿ ಇದ್ದರೆ ಮಾತ್ರ ಈ ಪ್ರಶ್ನೆಗೆ ಜೀವ. ದೂರದ ಊರಿಗೆ ಫೋನ್ ಮಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿದ್ದ, ಪತ್ರ ತಲುಪಲು ದಿನಗಳೇ ಬೇಕಿದ್ದ ಕಾಲ ಅದು. ನಿಮ್ಮ ಈಗಿನ ಕಟ್‌ನಲ್ಲಿ ಸುದ್ದಿಗಳು ವಾಟ್ಸಾಪ್‌ನಷ್ಟು ಬೇಗ ತಲುಪುತ್ತಿವೆ. ತಡವಾಗಲು ಬಿಡಿ, ಅದರಿಂದ ಎದೆಬಡಿತ ಹೆಚ್ಚುತ್ತದೆ.

ಇದನ್ನು ಮಾಡಲು ನಿಮ್ಮ ಮುಂದಿರುವ ದಾರಿಗಳನ್ನು ಖರ್ಚಿನ ಕ್ರಮದಲ್ಲಿ ಹೇಳುತ್ತೇನೆ. ಎಲ್ಲಕ್ಕಿಂತ ಅಗ್ಗದ್ದು ಪೋಸ್ಟರ್, ಟ್ರೇಲರ್ ಬದಲಿಸುವುದು. ಟ್ರಯಲ್ ಶೋಗೆ ಕರೆದಾಗ ‘ಒಂದು ಚೆಂದದ ಪ್ರೇಮಕಥೆ’ ಎಂದು ಹೇಳಿದ್ದಿರಿ. 17 ಮಂದಿಯ ಗೊಂದಲದಲ್ಲಿ ಆ ಮಾತಿನ ಪಾಲೂ ಇದೆ. ಪೋಸ್ಟರಿನಲ್ಲಿ ಜೋಡಿಯ ಹಿಂದೆ ಹೆಬ್ಬೆಟ್ಟಿನ ಗುರುತು ಹಾಕಿದರೂ ನಿರೀಕ್ಷೆ ಬದಲಾಗುತ್ತದೆ. ಅತಿಯಾದರೆ ಅಪಾಯವೂ ಇದೆ. ಟ್ರೇಲರ್ ಪೂರಾ ಥ್ರಿಲ್ಲರ್‌ನಂತೆ ಕಟ್ ಮಾಡಿದರೆ ಥ್ರಿಲ್ಲರ್ ನೋಡಲು ಬಂದವರು ಒಂದು ಗಂಟೆಯ ಪ್ರೇಮಕ್ಕೆ ಸಿಟ್ಟಾಗುತ್ತಾರೆ, ಮೊದಲ ದಿನದ ಮೊದಲ ಆಟ ಮುಗಿದ ಕೂಡಲೇ ಅದನ್ನು ಊರಿಗೆಲ್ಲ ಹೇಳುತ್ತಾರೆ.

ಎರಡನೆಯದು ಇರುವ ದೃಶ್ಯಗಳಲ್ಲೇ ಮರು ಎಡಿಟಿಂಗ್. 9–14ನ್ನು ಬಿಗಿ ಮಾಡುವುದು, ಇಂಟರ್ವಲ್ ಸರಿಸುವುದು, ಇನ್ಸ್‌ಪೆಕ್ಟರರ ಒಂಟಿ ದೃಶ್ಯಗಳಲ್ಲಿ ಅರ್ಧದಷ್ಟನ್ನು ತೆಗೆಯುವುದು. ಬೆನ್ನು ಕಾಣುವ ಶಾಟ್‌ಗಳಲ್ಲಿ ಡಬ್ಬಿಂಗ್‌ನಿಂದ ಹೊಸ ಮಾತು ಸೇರಿಸಬಹುದು. ಇದರಿಂದ ಲ್ಯಾಗ್ ಕಡಿಮೆಯಾಗುತ್ತದೆ, ಆದರೆ ನಾಯಕಿ ಎರಡನೇ ಅರ್ಧಕ್ಕೆ ವಾಪಸ್ ಬರುವುದಿಲ್ಲ. ಅವಳ ದೃಶ್ಯಗಳೇ ನಿಮ್ಮ ಬಳಿ ಇಲ್ಲ.

ಹಾಗಾಗಿ ಮೂರನೆಯದು, ಎರಡು ದಿನದ ಪ್ಯಾಚ್ ವರ್ಕ್, ಅಂದರೆ ಬೇಕಾದ ಕೆಲವು ದೃಶ್ಯಗಳನ್ನಷ್ಟೇ ಹೊಸದಾಗಿ ತೆಗೆಯುವುದು. ನನ್ನ ಸಲಹೆ ಇದೇ. ಬೇಕಾದ್ದು ಬಾಗಿಲು ಹಾಕಿಕೊಳ್ಳುವ ಗೇಣಿದಾರನ ಹೆಂಡತಿ, ಅರ್ಕಾವೊತ್ತಿನ ತಮಾಷೆ, ಪೆಟ್ಟಿಗೆಯ ದೃಶ್ಯ, ಜಗುಲಿಯ ಕಾಫಿ, ಇಬ್ಬರು ಹೆಂಗಸರು ಎದುರುಬದುರಾಗುವ ಒಂದು ದೃಶ್ಯ, ಜೊತೆಗೆ ಕೈ, ಕಾಗದ ಇಂಥವನ್ನು ಹತ್ತಿರದಿಂದ ತೋರಿಸುವ ಆರೇಳು ಇನ್ಸರ್ಟ್ ಶಾಟ್. ಇಲ್ಲಿ ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ನಾಯಕನ ಕೂದಲು, ಗಡ್ಡ ಈಗ ಬೇರೆಯಾಗಿರುತ್ತದೆ. ತಮಾಷೆಯ ದೃಶ್ಯದಲ್ಲಿ ಅವನ ಬೆನ್ನು ಮತ್ತು ದನಿ ಸಾಕು, ಬರೆಯುವ ಕೈಗೆ ಬೇರೆಯವರನ್ನು ಬಳಸಿ, ಆದರೆ ಎಲ್ಲ ಕಾಗದಗಳನ್ನೂ ಆ ಒಬ್ಬರೇ ಬರೆಯಲಿ. ಮಲೆನಾಡಿನ ಹಸಿರು ತಿಂಗಳಿಗೊಂದು ಬಣ್ಣ. ಮಳೆಯಲ್ಲಿ ತೆಗೆದ ಸಿನಿಮಾಕ್ಕೆ ಫೆಬ್ರವರಿಯ ಬಯಲು ಹೊಂದದು, ಹಾಗಾಗಿ ಹೊಸ ದೃಶ್ಯಗಳನ್ನು ಮನೆಯೊಳಗೆ, ರಾತ್ರಿ, ಲಾಟೀನಿನಲ್ಲಿ ತೆಗೆಯಿರಿ. ಜಗುಲಿಯದ್ದನ್ನು ಗೋಡೆಯ ಕಡೆ ಮುಖ ಮಾಡಿ. ಕ್ಯಾಮೆರಾ, ಲೆನ್ಸ್ ಹಿಂದಿನವೇ ಇರಲಿ. ಮೂರನೆಯದು ಕಾಗದ. ಪೀರಿಯಡ್ ಸಿನಿಮಾ ಎಂದ ಕೂಡಲೇ ಕಲಾ ವಿಭಾಗದವರು ಎಲ್ಲ ಕಾಗದವನ್ನೂ ಚಹಾ ನೀರಲ್ಲಿ ಅದ್ದಿ ಹಳದಿ ಮಾಡುತ್ತಾರೆ. 1974ರ ಪ್ರೇಮಪತ್ರ 1974ರಲ್ಲಿ ಹೊಸದು! ಅದು ಬೆಳ್ಳಗೇ ಇರಬೇಕು. 1971ರದ್ದೆಂದು ಹೇಳುವ ಸುಳ್ಳು ಪತ್ರದ ಮಡಿಕೆ ಮಾತ್ರ ವಯಸ್ಸಿಗೆ ತಕ್ಕಷ್ಟು ಸವೆದಿರಬಾರದು. ಅದೂ ಒಂದು ಸುಳಿವೇ.

ಹೆಣದಿಂದ ಆರಂಭಿಸಿ 20 ನಿಮಿಷ ಕತ್ತರಿಸುವ ನಿರ್ಮಾಪಕರ ದಾರಿಯನ್ನೂ ಒಂದು ದಿನ ಕೂತು ಕಟ್ ಮಾಡಿ ಅವರಿಗೆ ತೋರಿಸಿ. ಮಾತಿನಲ್ಲಿ ವಾದಿಸುವುದಕ್ಕಿಂತ ಅದು ಒಳ್ಳೆಯದು, ಅವರಿಗೂ ಗೌರವ.

ಧ್ವನಿ, ಬಣ್ಣದ ಬಗ್ಗೆ ಚಿಕ್ಕದಾಗಿ. ಮೊದಲರ್ಧ ಪೂರಾ ಕೊಳಲು, ಎರಡನೆಯದು ಪೂರಾ ಗುಂಯ್‌ಗುಡುವ ಸದ್ದು ಎಂದು ಟಿಪ್ಪಣಿಯಲ್ಲಿ ಬರೆದಿದ್ದೀರಿ. ಬೇರೆ ಸಿನಿಮಾ ಅನ್ನಿಸಲು ಇದೂ ಒಂದು ಕಾರಣ. ರೀ-ರೆಕಾರ್ಡಿಂಗ್‌ನಲ್ಲಿ (ಹಿನ್ನೆಲೆ ಸಂಗೀತ ಕೂಡಿಸುವಾಗ) ಪ್ರೇಮದ ರಾಗವನ್ನೇ ಎರಡನೇ ಅರ್ಧಕ್ಕೂ ತನ್ನಿ, ವಾದ್ಯಗಳನ್ನು ಕಳಚಿ ಒಂಟಿ ದನಿಯಲ್ಲಿ. ಮೊದಲರ್ಧದಲ್ಲಿರುವ ನಾಲ್ಕು ಹಾಡುಗಳಲ್ಲಿ ಕೊನೆಯದನ್ನು ತೆಗೆದು, ಅದರ ಪಲ್ಲವಿಯಷ್ಟನ್ನೇ ವಿಚಾರಣೆಯ ಹಿಂದಿನ ರಾತ್ರಿಗೆ ಇಡಿ. ಜೀರುಂಡೆ ಸದ್ದು ಇಡೀ ಸಿನಿಮಾದಲ್ಲಿ ಇರಲಿ, ಅವಳು ಪತ್ರ ಓದುವಾಗ ಮಾತ್ರ ನಿಲ್ಲಲಿ. ಬೆಚ್ಚನೆಯ ಹಳದಿಯಿಂದ ನೀಲಿಗೆ ಇಂಟರ್ವಲ್‌ನಲ್ಲೇ ಜಿಗಿಯಬೇಡಿ, 15–20 ನಿಮಿಷ ತೆಗೆದುಕೊಂಡು ಇಳಿಸಿ.

ಇದೆಲ್ಲ ಸೆನ್ಸಾರ್‌ಗೆ ಮುಂಚೆಯೇ ಆಗಲಿ. ಪ್ರಮಾಣಪತ್ರ ಬಂದ ಮೇಲೆ ದೃಶ್ಯ ತೆಗೆದರೂ ಸೇರಿಸಿದರೂ ಮತ್ತೆ ಮಂಡಳಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕಾಗುತ್ತದೆ, ಬಿಡುಗಡೆಯ ದಿನ ತಪ್ಪುತ್ತದೆ.

ಮುಂದಿನ ಟ್ರಯಲ್ ಶೋಗೆ ಈ ಹಿಂದೆ ನೋಡಿದವರು ಬೇಡ, ನೆಂಟರು ಬೇಡ, ತಂಡದವರ ಮನೆಯವರೂ ಬೇಡ. ಹೊಸ 25 ಮಂದಿ ಸಾಕು. ಅದರಲ್ಲಿ ಆ ಕಾಲ ಕಂಡ, 65 ದಾಟಿದ ನಾಲ್ಕೈದು ಜನರಿರಲಿ. ಯಾವ ಬಗೆಯ ಕಥೆ ಎಂದು ಹೇಳಬೇಡಿ, ಹೊಸ ಪೋಸ್ಟರ್ ಮಾತ್ರ ತೋರಿಸಿ. ನಿಮ್ಮ ತಂಡದ ಇಬ್ಬರು ಮುಂದಿನ ಸಾಲಿನ ಎರಡು ತುದಿಯಲ್ಲಿ ಪ್ರೇಕ್ಷಕರ ಕಡೆ ಮುಖ ಮಾಡಿ ಕೂರಲಿ. ಮೊಬೈಲ್ ಬೆಳಕು, ಕೆಮ್ಮು, ಕಾಲು ಬದಲಿಸುವುದು ಯಾವ ನಿಮಿಷಕ್ಕೆ ಎಂದು ಬೇರೆಬೇರೆಯಾಗಿ ಬರೆದುಕೊಳ್ಳಲಿ. ಇಬ್ಬರ ಹಾಳೆಯಲ್ಲೂ ಒಂದೇ ನಿಮಿಷ ಇದ್ದರೆ ಅದನ್ನು ನಂಬಿ. ಅಭಿಪ್ರಾಯದ ಹಾಳೆಯನ್ನು ದೀಪ ಹತ್ತಿದ ಕೂಡಲೇ ಕೊಡಿ, ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ಮೊದಲೇ. ಐದಕ್ಕೆ ಎಷ್ಟು ಅಂಕ ಎಂದು ಕೇಳಬೇಡಿ. ಕೆಲವರು 5, ಕೆಲವರು 1 ಕೊಟ್ಟು ಸರಾಸರಿ 3 ಬಂದರೆ ಅದು ಯಾರ ಅಭಿಪ್ರಾಯವೂ ಅಲ್ಲ. ‘ಹೇಗೆ ಸರಿಪಡಿಸಬಹುದು’ ಎಂದೂ ಕೇಳಬೇಡಿ, ಅದು ಅವರ ಕೆಲಸವಲ್ಲ. ಕೇಳಬೇಕಾದ್ದು ಇಷ್ಟು: ಯಾವ ದೃಶ್ಯದಲ್ಲಿ ಗಮನ ಬೇರೆ ಕಡೆ ಹೋಯಿತು? ಅವನ ಮೇಲೆ ಮೊದಲು ಅನುಮಾನ ಬಂದದ್ದು ಎಲ್ಲಿ? ಇಂಟರ್ವಲ್‌ನಲ್ಲಿ ಏನು ಯೋಚಿಸುತ್ತಿದ್ದಿರಿ? ಅವಳು ಪತ್ರ ಬಚ್ಚಿಟ್ಟದ್ದು ಸರಿಯೆನಿಸಿತೇ? ಆ ಕಾಲಕ್ಕೆ ಹೊಂದದ್ದು ಏನಾದರೂ ಕಂಡಿತೇ?

ಐದು ದಿನ ಬಿಟ್ಟು ಅವರಲ್ಲಿ ಹತ್ತು ಮಂದಿಗೆ ಫೋನ್ ಮಾಡಿ, ಕಥೆಯನ್ನು ಮೂರು ವಾಕ್ಯದಲ್ಲಿ ಹೇಳಿ ಎನ್ನಿ. ‘ಒಬ್ಬಳು ಹುಡುಗಿ ಇರ್ತಾಳೆ…’ ಎಂದು ಶುರು ಮಾಡಿ ವಿಚಾರಣೆಯವರೆಗೂ ಅವಳ ಜೊತೆಯೇ ಹೋದರೆ ಸಿನಿಮಾವನ್ನು ಧ್ವನಿ ಮಿಕ್ಸಿಂಗ್‌ಗೆ ಕೊಡಿ. ಮೂರನೇ ವಾಕ್ಯದಲ್ಲಿ ‘ಆಮೇಲೆ ಒಬ್ಬ ಇನ್ಸ್‌ಪೆಕ್ಟರ್ ಬರ್ತಾನೆ…’ ಎಂದು ಅವಳನ್ನು ಕೈಬಿಟ್ಟರೆ, ಇಂಟರ್ವಲ್ ನಂತರದ ಮೊದಲ 15 ನಿಮಿಷವನ್ನು ಮತ್ತೆ ಟೇಬಲ್ಲಿಗೆ ತನ್ನಿ.